ದಾರಿಯಲ್ಲಿ ಸಿಗುವ ಪಾಳುಮನೆಗಳ ಫೋಟೋ: ಒಳಗೆ ಕಾಲಿಡುವ ಮುಂಚೆ ಯಾರನ್ನು ಕೇಳಬೇಕು?

ಅಗಸಿಬಾಗಿಲು ಕೇಳಿದ್ದು

ನಮಸ್ಕಾರ. ಗಂಡನ ಊರು ವಿಜಯಪುರದ ಕಡೆ. ಹಬ್ಬಕ್ಕೆ, ಮದುವೆಗೆ, ಜಾತ್ರೆಗೆ ಬೆಂಗಳೂರಿನಿಂದ ಕಾರಿನಲ್ಲೇ ಹೋಗುತ್ತೇವೆ. ಚಿತ್ರದುರ್ಗದ ತನಕ ಪುಣೆ ಹೆದ್ದಾರಿ. ಅಲ್ಲಿಂದ ಹೊಸಪೇಟೆ, ಕುಷ್ಟಗಿ, ಇಳಕಲ್, ಹುನಗುಂದ. ಬೋರ್ಡಿನಲ್ಲಿ ಈಗ ಈ ರಸ್ತೆ 50, ಲಾರಿಯವರ ಬಾಯಲ್ಲಿ ಇನ್ನೂ 13. ತುಂಗಭದ್ರೆ ದಾಟಿದ ಮೇಲೆ ನನಗೆ ಹೆದ್ದಾರಿಯಲ್ಲಿ ಮನಸ್ಸು ನಿಲ್ಲುವುದಿಲ್ಲ. ಎಡಕ್ಕೋ ಬಲಕ್ಕೋ ಒಂದು ಹಳ್ಳಿ ರಸ್ತೆ ಹಿಡಿಯುತ್ತೇವೆ. ಮನೆ ತಲುಪುವುದು ತಡವಾಗುತ್ತದೆ ಅಂತ ಅತ್ತೆಗೂ ಗೊತ್ತು.

ನಾನು ಹುಡುಕುವುದು ಗುಡಿ, ಕೋಟೆಗಳನ್ನಲ್ಲ. ಐಹೊಳೆ, ಪಟ್ಟದಕಲ್ಲು ಪಕ್ಕದಲ್ಲೇ ಇವೆ. ಅವುಗಳ ಫೋಟೋ ತೆಗೆಯಲು ಬೇಕಾದಷ್ಟು ಜನ ಇದ್ದಾರೆ. ನನಗೆ ಬೇಕಾದದ್ದು ಜನ ಬಿಟ್ಟುಹೋದ ಸಾದಾ ಮನೆಗಳು. ಮುಂದೆ ಕಲ್ಲಿನ ಗೋಡೆ, ಬಾಗಿಲ ಎರಡೂ ಕಡೆ ಕೂರುವ ಕಟ್ಟೆ, ಮೇಲೆ ಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಕುಷ್ಟಗಿ, ಹುನಗುಂದ ತಾಲೂಕುಗಳಲ್ಲಿ ಇಂಥ ಮನೆ ಇಲ್ಲದ ಊರೇ ಇಲ್ಲ ಅನ್ನಬಹುದು. ಬಹಳ ಕಡೆ ಅವು ಒಂದೊಂದಾಗಿ ಕುಸಿಯುತ್ತಿವೆ. ಪಕ್ಕದಲ್ಲೇ ಆರ್‌ಸಿಸಿ ಮನೆ ಏಳುತ್ತದೆ, ಹಳೆಯದು ದನದ ಮೇವು ಹಾಕುವ ಜಾಗವಾಗುತ್ತದೆ, ಆಮೇಲೆ ಅದೂ ಇಲ್ಲ. ಇವುಗಳ ಫೋಟೋ ಯಾರೂ ಇಟ್ಟಿಲ್ಲವಲ್ಲ ಅನ್ನುವುದೇ ನನ್ನ ಸಂಕಟ. ಅರಮನೆಗೆ ದಾಖಲೆ ಇದೆ, ಒಕ್ಕಲಿನ ಮನೆಗೆ ಇಲ್ಲ.

ಹೋದ ಸಲ ಇಳಕಲ್ ದಾಟಿ ಒಳಗೆ ಹೋದಾಗ ಒಂದು ಮನೆ ಸಿಕ್ಕಿತು. ಬಾಗಿಲ ಚೌಕಟ್ಟು ಇಲ್ಲ, ಕಿತ್ತ ಗುರುತು ಮಾತ್ರ. ಮಾಳಿಗೆ ಅರ್ಧ ಬಿದ್ದಿದೆ. ನೆಲದಲ್ಲಿ ಹೂತ ಒಳಕಲ್ಲು ಹಾಗೇ ಇದೆ. ಹೊಸ್ತಿಲಿನಿಂದ ಇಣುಕಿದರೆ ಒಳಗೋಡೆಯ ಸುಣ್ಣದ ಮೇಲೆ ಸೀಸದ ಕಡ್ಡಿಯಲ್ಲಿ ಬರೆದ ಲೆಕ್ಕ ಕಾಣುತ್ತದೆ. ಸಾಲು ಸಾಲಾಗಿ ಗೆರೆ, ಪಕ್ಕದಲ್ಲಿ ‘ಹಾಲು’ ಅಂತ. ದೀಪ ಇಡುವ ಮಾಡದಲ್ಲಿ ಮಸಿ ಇನ್ನೂ ಇದೆ. ಅದರ ಫೋಟೋ ತೆಗೆಯಬೇಕು ಅಂತ ಬಹಳ ಆಸೆಯಾಯಿತು. ಆದರೆ ಒಳಗೆ ಹೋಗಲಿಲ್ಲ. ಕೇಳಲು ಯಾರೂ ಇರಲಿಲ್ಲ. ಅಷ್ಟರಲ್ಲಿ ಆಡು ಮೇಯಿಸುವ ಅಜ್ಜ ಬಂದು “ಸರ್ವೇ ಮಾಡಾಕ ಬಂದೀರೇನ್ರಿ?” ಅಂತ ಕೇಳಿದರು. ಅಲ್ಲ ಅಂದೆ. ಟ್ರೈಪಾಡ್ ನೋಡಿ, ಸ್ವಲ್ಪ ಹೊತ್ತು ಬಿಟ್ಟು, “ನಿಧಿ ಗಿಧಿ ಏನಿಲ್ಲವ್ವ ಇಲ್ಲಿ” ಅಂದರು. ಅವರ ಮುಖದಲ್ಲಿ ಅನುಮಾನ ಇತ್ತು. ಅದು ಸಹಜವೂ ಹೌದು. ನಾನು ನಮಸ್ಕಾರ ಹೇಳಿ ಹೊರಟೆ.

ಅದಕ್ಕೇ ಕೇಳುತ್ತಿದ್ದೇನೆ. ದಾರಿಹೋಕರಾದ ನಾವು ಇಂಥ ಮನೆಯ ಮಾಲೀಕರನ್ನು ಹುಡುಕುವುದು ಹೇಗೆ? ಅರ್ಧ ಬಿದ್ದ ಮನೆಯೊಳಗೆ ಹೋಗುವುದು ಎಷ್ಟು ಸರಿ, ಎಷ್ಟು ಕ್ಷೇಮ? ಫೋಟೋ ಹಾಕುವಾಗ ಊರಿನ ಹೆಸರು ಹಾಕಬೇಕಾ, ಬಿಡಬೇಕಾ? ಇನ್ನು, ಹೊರಗೆ ಉರಿಬಿಸಿಲು, ಒಳಗೆ ಕತ್ತಲೆ ಇರುವ ಈ ಮನೆಗಳಲ್ಲಿ ಬೆಳಕನ್ನು ನೀವೆಲ್ಲ ಹೇಗೆ ನಿಭಾಯಿಸುತ್ತೀರಿ? ನನ್ನ ಹತ್ತಿರ ಒಂದು ಮಿರರ್‌ಲೆಸ್ ಕ್ಯಾಮೆರಾ, 24ರಿಂದ 70ರ ಲೆನ್ಸ್, ಹಗುರವಾದ ಟ್ರೈಪಾಡ್ ಇದೆ. ಅಷ್ಟೇ.

ಮೂರುಕಾಲು ಬರೆದದ್ದು

ಬೆಳಕಿನದ್ದು ನಾನು ಹೇಳುತ್ತೇನೆ, ಉಳಿದದ್ದನ್ನು ಆ ಕಡೆಯವರೇ ಹೇಳಲಿ.

ಬೆಳಗ್ಗೆ, ಸಂಜೆ ಮಾತ್ರ ಫೋಟೋ ತೆಗೆಯಬೇಕು ಅನ್ನುವುದು ಹೊರಗಿನ ಗೋಡೆಗೆ ಸರಿ. ಇಳಿಬಿಸಿಲು ಓರೆಯಾಗಿ ಬಿದ್ದರೆ ಕಲ್ಲಿನ ಮೇಲಿನ ಉಳಿ ಗುರುತುಗಳೆಲ್ಲ ಎದ್ದು ಕಾಣುತ್ತವೆ. ಆದರೆ ಮಾಳಿಗೆ ಮನೆಯ ಒಳಗೆ ಲೆಕ್ಕ ಬೇರೆ. ಅಲ್ಲಿ ಕಿಟಕಿ ಕಡಿಮೆ, ಬೆಳಕು ಬರುವುದು ಮೇಲಿನ ಕಿಂಡಿಯಿಂದ. ಸೂರ್ಯ ನೆತ್ತಿಯ ಹತ್ತಿರ ಇರುವಾಗ, ಅಂದರೆ ಹನ್ನೊಂದರಿಂದ ಒಂದೂವರೆ ಒಳಗೆ, ಬಿಸಿಲಿನ ಕೋಲು ನೆಲಕ್ಕೆ ಬಿದ್ದು ಅಲ್ಲಿಂದ ಗೋಡೆಗಳಿಗೆ ಹರಡುತ್ತದೆ. ಮನೆಯೊಳಗೆ ಅದಕ್ಕಿಂತ ಒಳ್ಳೆ ಬೆಳಕು ಇಲ್ಲ. ಎಲ್ಲರೂ ಊಟಕ್ಕೆ ನಿಲ್ಲಿಸುವ ಹೊತ್ತಿನಲ್ಲಿ ನೀವು ಫೋಟೋ ತೆಗೆಯಿರಿ.

ಫ್ಲಾಶ್ ಬೇಡವೇ ಬೇಡ. ನೂರಾರು ವರ್ಷದ ಮಸಿ, ಸುಣ್ಣ ಎಲ್ಲ ಚಪ್ಪಟೆಯಾಗಿಬಿಡುತ್ತದೆ. ಟ್ರೈಪಾಡ್ ಹಾಕಿ, ಐಎಸ್‌ಓ 100, ಅಪರ್ಚರ್ 8, ಶಟರ್ ಎಷ್ಟು ಬೇಕೋ ಅಷ್ಟು. ಒಂದೆರಡು ಸೆಕೆಂಡ್ ಆದರೂ ಪರವಾಗಿಲ್ಲ, ಗೋಡೆ ಓಡಿಹೋಗುವುದಿಲ್ಲ. ಬಾಗಿಲ ಹೊರಗಿನ ಬಿಸಿಲು ಫ್ರೇಮಿನಲ್ಲಿ ಇದ್ದರೆ ಎರಡೆರಡು ಸ್ಟಾಪ್ ಅಂತರದಲ್ಲಿ ಮೂರು ಫೋಟೋ ತೆಗೆದು ಆಮೇಲೆ ಸೇರಿಸಿ. ಸೇರಿಸುವಾಗ ಕತ್ತಲೆಯನ್ನು ಪೂರ್ತಿ ಅಳಿಸಬೇಡಿ. ಆ ಮನೆಗಳು ಒಳಗೆ ಕತ್ತಲಾಗಿ, ತಂಪಾಗಿಯೇ ಇದ್ದವು. ಬೇಸಿಗೆಗೆ ಅಂತಲೇ ಹಾಗೆ ಕಟ್ಟಿದ್ದು. ಒಳಗೆಲ್ಲ ಬೆಳ್ಳಗೆ ಬೆಳಗುವ ಫೋಟೋ ನೋಡಲು ಚೆಂದ, ಆದರೆ ಸುಳ್ಳು.

24ರಲ್ಲಿ ತೆಗೆಯುವಾಗ ಕ್ಯಾಮೆರಾ ಮೇಲಕ್ಕೆ ವಾಲಿಸಬೇಡಿ. ಎದೆ ಮಟ್ಟದಲ್ಲಿ ನೆಟ್ಟಗೆ ಇಟ್ಟರೆ ಕಂಬಗಳು ನೆಟ್ಟಗೆ ನಿಲ್ಲುತ್ತವೆ. ಕೆಮ್ಮಣ್ಣಿನ ನೆಲದಿಂದ ಬೆಳಕು ಪುಟಿದು ಗೋಡೆ ಕೆಂಪಾಗಿ ಕಾಣುತ್ತದೆ. ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡದೆ ಡೇಲೈಟ್‌ಗೆ ಇಡಿ, ‘ರಾ’ (RAW) ಫೈಲಿನಲ್ಲಿ ತೆಗೆಯಿರಿ. ಆ ಗೋಡೆಯ ಹಾಲಿನ ಲೆಕ್ಕಕ್ಕೆ ಮಾತ್ರ ಪಕ್ಕದಿಂದ ಬೆಳಕು ಬೇಕು. ಒಂದು ಬಿಳಿ ಪಂಚೆಯನ್ನು ಬಿಸಿಲಿಗೆ ಹಿಡಿದು ಬೆಳಕನ್ನು ಆ ಕಡೆ ತಿರುಗಿಸಿ. ಮಕ್ಕಳು ಹಿಡಿದುಕೊಳ್ಳುತ್ತಾರೆ.

ಇನ್ನೊಂದು. ವರ್ಷ ವರ್ಷ ಅದೇ ದಾರಿಯಲ್ಲಿ ಹೋಗುವವರು ನೀವು. ಇದು ಎಲ್ಲರಿಗೂ ಸಿಗುವ ಭಾಗ್ಯ ಅಲ್ಲ. ಅದೇ ಜಾಗದಲ್ಲಿ ನಿಂತು, ಅದೇ ಲೆನ್ಸಿನಲ್ಲಿ, ಅದೇ ಗೋಡೆಯ ಫೋಟೋವನ್ನು ಪ್ರತಿ ಸಲ ತೆಗೆಯಿರಿ. ಮನೆ ಯಾವ ಕಡೆಯಿಂದ ಬೀಳುತ್ತದೆ ಅನ್ನುವುದು ಒಂದೇ ಫೋಟೋದಲ್ಲಿ ಗೊತ್ತಾಗುವುದಿಲ್ಲ.

ಘಟಪ್ರಭೆ ದಂಡೆ ಬರೆದದ್ದು

ಅಕ್ಕ, ನಾನು ಬಾಗಲಕೋಟೆ ತಾಲೂಕಿನವನು. ನಮ್ಮ ಹಳೇ ಊರು ಆಲಮಟ್ಟಿ ಹಿನ್ನೀರಿಗೆ ಹೋಯಿತು. ಪೂರ್ತಿ ಮುಳುಗಲಿಲ್ಲ. ಕೆಳಗಿನ ಓಣಿಗಳು ಮುಳುಗಿದವು, ಮೇಲಿನ ಓಣಿ ದಂಡೆಯ ಮೇಲೆ ಉಳಿಯಿತು. ನಮ್ಮ ಮನೆ ಮೇಲಿನ ಓಣಿಯದು. ಈಗ ಅಲ್ಲಿ ಯಾರೂ ಇಲ್ಲ. ಅಂದರೆ ನೀವೆಲ್ಲ ಪಾಳುಮನೆ ಅನ್ನುವ ಒಂದು ಮನೆ ನಮ್ಮದೂ ಹೌದು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಚೌಕಟ್ಟು ಕಿತ್ತ ಗುರುತು ನೋಡಿದೆ ಅಂದಿರಲ್ಲ, ಅದು ಕಳ್ಳತನವೇ ಆಗಬೇಕು ಅಂತೇನಿಲ್ಲ. ಊರು ಬಿಡುವಾಗ ನಾವೇ ಕಿತ್ತೆವು. ಬಾಗಿಲು, ಚೌಕಟ್ಟು, ತೊಲೆ, ಜಂತಿ, ಕಂಬ ಎಲ್ಲವನ್ನೂ ಟ್ರ್ಯಾಕ್ಟರಿನಲ್ಲಿ ಹೇರಿ ಪುನರ್ವಸತಿ ಕೇಂದ್ರಕ್ಕೆ ತಂದೆವು. ಗೋಡೆ ಹೊತ್ತು ತರಲಾಗುವುದಿಲ್ಲ, ಕಟ್ಟಿಗೆ ತರಬಹುದು. ಅಜ್ಜ ಮಾಡಿಸಿದ ಸಾಗವಾನಿ ಚೌಕಟ್ಟು ಹೊಸ ಮನೆಗೆ ಹೊಂದಲಿಲ್ಲ, ಬಾಗಿಲು ಅಳತೆಯೇ ಬೇರೆ. ಇವತ್ತೂ ಹಿತ್ತಲಲ್ಲಿ ಗೋಡೆಗೆ ಒರಗಿಸಿ ಇಟ್ಟಿದ್ದೇವೆ. ಕೊಳ್ಳಲು ಪೇಟೆಯವರು ಬರುತ್ತಾರೆ, ರೆಸಾರ್ಟಿಗೆ ಅಂತ. ಕೊಟ್ಟಿಲ್ಲ.

ಈ ಮನೆಗಳು ಯಾಕೆ ಇಷ್ಟು ಬೇಗ ಬೀಳುತ್ತವೆ ಅನ್ನುವುದು ನಿಮಗೆ ಗೊತ್ತಿರಲಿ, ಆಗ ಫೋಟೋದಲ್ಲಿ ಏನು ನೋಡಬೇಕು ಅಂತ ತಿಳಿಯುತ್ತದೆ. ಮಣ್ಣಿನ ಮಾಳಿಗೆಗೆ ಪ್ರತಿ ಮುಂಗಾರಿಗೂ ಮುಂಚೆ ಸವಳು ಮಣ್ಣು ಹಾಕಿ ತುಳಿಯಬೇಕು. ಆ ಮಣ್ಣು ನೀರು ಇಳಿಯಲು ಬಿಡುವುದಿಲ್ಲ. ಅದು ಮನೆಮಂದಿಯೆಲ್ಲ ಸೇರಿ ಮಾಡುವ ಕೆಲಸ. ಒಂದೆರಡು ವರ್ಷ ತಪ್ಪಿಸಿದರೆ ಮಾಳಿಗೆ ಸೋರುತ್ತದೆ, ಜಂತಿ ಕೊಳೆಯುತ್ತದೆ, ಮಾಳಿಗೆ ಕೂರುತ್ತದೆ. ಆಮೇಲೆ ಗೋಡೆಯ ತಲೆಗೆ ಮಳೆ ಬೀಳುತ್ತದೆ. ಹೊರಗೆ ಕಲ್ಲು ಕಾಣುತ್ತದೆ ನಿಜ, ಒಳಗೆ ತುಂಬಿರುವುದು ಮಣ್ಣು. ಮಣ್ಣು ಕರಗಿ ಹೊಟ್ಟೆ ಉಬ್ಬಿದ ಗೋಡೆ ಯಾವಾಗ ಬೇಕಾದರೂ ಬೀಳಬಹುದು. ಹೊಟ್ಟೆ ಉಬ್ಬಿದ ಗೋಡೆ ಕಂಡರೆ ಅದರ ಎತ್ತರಕ್ಕಿಂತ ಜಾಸ್ತಿ ದೂರದಲ್ಲಿ ನಿಲ್ಲಿ. ಮಳೆ ನಿಂತು ಬಿಸಿಲು ಬಂತು, ಇನ್ನು ಭಯವಿಲ್ಲ ಅಂದುಕೊಳ್ಳಬೇಡಿ. ನೆನೆದ ಗೋಡೆ ಒಣಗುವಾಗಲೂ ಬೀಳುತ್ತದೆ.

ಅದಕ್ಕಿಂತ ದೊಡ್ಡ ಅಪಾಯ ಹಗೇವು. ನಮ್ಮ ಕಡೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬುತ್ತಿದ್ದರು. ಪಡಸಾಲೆಯಲ್ಲಿ, ಅಂಗಳದಲ್ಲಿ, ಕಟ್ಟೆಯ ಮುಂದೆಯೂ ಇರುತ್ತದೆ. ಬಾಯಿ ಒಬ್ಬರು ಇಳಿಯುವಷ್ಟು ಮಾತ್ರ, ಒಳಗೆ ಆಳುದ್ದಕ್ಕಿಂತ ಜಾಸ್ತಿ. ಬಾಯಿಗೆ ಮುಚ್ಚಿದ ಕಲ್ಲು ಸರಿದಿದ್ದರೆ, ಮೇಲೆ ಬರೀ ಕಸ ಕಡ್ಡಿ ಕೂತಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಮನೆ ಇದ್ದ ಕಾಲದಲ್ಲೇ ಹಗೇವು ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಗಾಳಿ ಕೆಟ್ಟಿರುತ್ತದೆ, ಉಸಿರು ಕಟ್ಟುತ್ತದೆ. ಕ್ಯಾಮೆರಾ ಕಣ್ಣಿಗೆ ಹಿಡಿದುಕೊಂಡು ಹಿಂದೆ ಹಿಂದೆ ನಡೆಯುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಟ್ರೈಪಾಡಿನ ಕಾಲಿನಿಂದ ನೆಲ ಕುಟ್ಟಿ ನೋಡಿ, ಆಮೇಲೆ ಹೆಜ್ಜೆ ಇಡಿ. ಮಕ್ಕಳು ಹೊರಗೇ ಇರಲಿ. ಹಾವಿನ ಮಾತು ಬೇರೆ ಹೇಳಬೇಕಾಗಿಲ್ಲ ಅಲ್ವಾ.

ಈಗ ಕೇಳುವ ವಿಷಯ. ಯಾರೂ ಇಲ್ಲದ ಮನೆ ಅಂದರೆ ಯಾರದ್ದೂ ಅಲ್ಲದ ಮನೆ ಅಲ್ಲ. ಬಹಳ ಮನೆಗಳು ಖಾಲಿ ಇರುವುದೇ ಹಿಸ್ಸೆ ಆಗದೆ. ನಾಲ್ಕು ಅಣ್ಣತಮ್ಮಂದಿರಿಗೆ ಒಂದು ಮನೆ, ಒಬ್ಬರು ರಿಪೇರಿ ಮಾಡಿಸಿದರೆ ಉಳಿದವರಿಗೆ ಅನುಮಾನ, ಕೊನೆಗೆ ಯಾರೂ ಮಾಡಿಸುವುದಿಲ್ಲ. ಅಂಥ ಮನೆಗೆ ಹೊರಗಿನವರು ಕ್ಯಾಮೆರಾ ಹಿಡಿದು ಬಂದರೆ ಒಬ್ಬರಿಗೆ ಇನ್ನೊಬ್ಬರು ಕಳಿಸಿದ್ದಾರೆ ಅನ್ನಿಸುತ್ತದೆ. ಇನ್ನು ಮಲಪ್ರಭೆ ದಂಡೆಯ ಊರುಗಳಲ್ಲಿ 2009ರ ಪ್ರವಾಹದ ಮೇಲೆ ಸಂತ್ರಸ್ತರಿಗೆ ಕಟ್ಟಿಸಿಕೊಟ್ಟ ‘ಆಸರೆ’ ಯೋಜನೆಯ ಮನೆಗಳು ಬಂದವು. ಸುಮಾರು ಜನ ಹೋದರು, ಕೆಲವರು ತಿರುಗಿ ಬಂದರು. ಹೊಸ ಮನೆಯಲ್ಲಿ ದನ ಕಟ್ಟಲು ಜಾಗ ಇಲ್ಲ. ಹಳೇ ಮನೆಯಲ್ಲಿ ಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ದನ, ಮೇಲೆ ಪಡಸಾಲೆಯಲ್ಲಿ ಮನುಷ್ಯರು. ಆ ಬದುಕು ಎರಡು ಕೋಣೆಯ ಮನೆಗೆ ಹೇಗೆ ಹೋದೀತು? ಹಾಗಾಗಿ ಬಿದ್ದಂತೆ ಕಾಣುವ ಓಣಿಯಲ್ಲಿ ಮೂರನೇ ಮನೆಯಲ್ಲಿ ಒಬ್ಬ ಅಜ್ಜಿ ಇರುತ್ತಾಳೆ. ಅವಳನ್ನು ಕೇಳಿ.

ಕ್ರಮ ಹೀಗಿರಲಿ. ಮೊದಲು ಮನೆಗೆ ಹೋಗಬೇಡಿ, ಊರಿನ ಕಟ್ಟೆಗೆ ಹೋಗಿ. ಚಹಾ ಅಂಗಡಿ, ಗುಡಿ ಕಟ್ಟೆ, ಪಂಚಾಯಿತಿ, ಎಲ್ಲಿ ಜನ ಕೂತಿದ್ದಾರೋ ಅಲ್ಲಿ. ಕ್ಯಾಮೆರಾ ಚೀಲದಲ್ಲೇ ಇರಲಿ. ಯಾವ ಊರಿನ ಸೊಸೆ ಅಂತ ಹೇಳಿ. ನಮ್ಮ ಕಡೆ ಅದು ಆಧಾರ್ ಕಾರ್ಡಿಗಿಂತ ದೊಡ್ಡದು. ಆ ಮನೆ ಯಾರದು, ಫೋಟೋ ತೆಗೆದರೆ ನಡೆಯುತ್ತದಾ ಅಂತ ಕೇಳಿ. ಮಾಲೀಕರು ಬೇರೆ ಊರಲ್ಲಿದ್ದರೆ ಯಾರಾದರೂ ಫೋನ್ ಹಚ್ಚಿ ಕೊಡುತ್ತಾರೆ. ಊರಿನ ಒಬ್ಬರು ಜೊತೆಗೆ ಬಂದರೆ ಎಲ್ಲ ಸಲೀಸು. ಹೊಲದಲ್ಲಿ ಒಂಟಿಯಾಗಿ ನಿಂತ ಕಟ್ಟಡವಾದರೆ ‘ದಿಶಾಂಕ್’ ಆ್ಯಪ್ ತೆಗೆದರೆ ನಿಂತ ಜಾಗದ ಸರ್ವೇ ನಂಬರ್ ಬರುತ್ತದೆ, ಅದರಿಂದ ಪಹಣಿ ನೋಡಬಹುದು. ಊರೊಳಗಿನ ಮನೆಗೆ ಅದು ನಡೆಯುವುದಿಲ್ಲ, ಅಲ್ಲಿ ಬಾಯಿಮಾತೇ ದಾರಿ.

ಮಕ್ಕಳಿಗೆ ಚಾಕೊಲೇಟ್ ಕೊಡುವುದು, ಅವರ ಫೋಟೋ ತೆಗೆಯುವುದು, ಹಿರಿಯರು ಜೊತೆಗಿಲ್ಲದೆ ಮಾಡಲೇಬೇಡಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಆದದ್ದು ನೆನಪಿರಬೇಕು. ಕಾರಿನಲ್ಲಿ ತಿರುಗಾಡಲು ಬಂದಿದ್ದ ಗೆಳೆಯರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸಾಪಿನಲ್ಲಿ ಸುದ್ದಿ ಓಡಿತು. ಒಬ್ಬ ಯುವ ಇಂಜಿನಿಯರ್ ಜೀವವೇ ಹೋಯಿತು. ಊರಿನವರು ಕೆಟ್ಟವರು ಅಂತ ಹೇಳುತ್ತಿಲ್ಲ. ಗುರುತಿಲ್ಲದವರು, ಕಾರು, ಪಾಳುಬಿದ್ದ ಜಾಗ, ಇದಿಷ್ಟು ಸೇರಿದರೆ ಹೆದರಿಕೆ ಹುಟ್ಟುತ್ತದೆ. ನಿಧಿ ಆಸೆಗೆ ಹಳೇ ಗುಡಿ, ಹಳೇ ಮನೆ ಅಗೆಯುವವರ ಕಾಟವೂ ನಿಜವಾಗಿ ಇದೆ. ಆ ಅಜ್ಜ ಸುಮ್ನೆ ಕೇಳಲಿಲ್ಲ.

ಕೊನೆಯದಾಗಿ ನಮ್ಮ ಮನೆಯ ಮಾತು. ಯಾರೋ ಕೆಲವರು ಬಂದು ನಮ್ಮ ಹಳೇ ಮನೆಯೊಳಗೆ ರಾತ್ರಿ ವಿಡಿಯೋ ಮಾಡಿ ‘ದೆವ್ವದ ಮನೆ’ ಅಂತ ಹಾಕಿದರು. ಕೆಂಪು ಬೆಳಕು, ಕಿರುಚಾಟದ ಸಂಗೀತ. ಅದು ಹೇಗೋ ಮಗನ ಫೋನಿಗೆ ಬಂತು. ನಮ್ಮವ್ವ ಪಕ್ಕದಲ್ಲಿ ಕೂತಿದ್ದಳು. ದೀಪದ ಮಾಡ ನೋಡಿ ಗುರುತು ಹಿಡಿದಳು. “ನನ್ನ ಮೂರೂ ಬಾಣಂತನ ಆದ ಕೋಣೆ ಅದು. ಅದಕ್ಕ ಯಾಕ ಹಾಂಗ ಅಂದರು?” ಅಂತ ಕೇಳಿದಳು. ಅವತ್ತು ಊಟ ಮಾಡಲಿಲ್ಲ.

ಅದಕ್ಕೆ ಹೇಳುತ್ತೇನೆ, ಫೋಟೋ ತೆಗೆಯಿರಿ, ಬೇಡ ಅನ್ನುವುದಿಲ್ಲ. ನಮ್ಮ ಮನೆ ನೆಟ್ಟಗೆ ಇದ್ದಾಗಿನ ಒಂದು ಫೋಟೋ ನಮ್ಮ ಹತ್ತಿರ ಇಲ್ಲ. ಮದುವೆ ಫೋಟೋಗಳ ಹಿಂದೆ ಒಂದು ಮೂಲೆ ಕಾಣುತ್ತದೆ, ಅಷ್ಟೇ. ನೀವು ತೆಗೆದರೆ ಆ ಮನೆ ಯಾರದು, ಏನು ಬೆಳೆಯುತ್ತಿದ್ದರು, ಯಾಕೆ ಬಿಟ್ಟರು ಅಂತ ಎರಡು ಸಾಲು ಜೊತೆಗೆ ಬರೆಯಿರಿ. ಒಂದು ಪ್ರಿಂಟ್ ಕಳಿಸಿಕೊಡಿ. ಫೋನಿಗೆ ಕಳಿಸಿದ್ದು ಉಳಿಯುವುದಿಲ್ಲ, ಪ್ರಿಂಟ್ ಗೋಡೆಯ ಮೇಲೆ ಉಳಿಯುತ್ತದೆ.

ಹೇಮಾವತಿ ಕಡೆಯವನು ಬರೆದದ್ದು

ಮೇಲಿನವರು ಬರೆದದ್ದು ಓದಿ ಮನಸ್ಸಿಗೆ ತಟ್ಟಿತು. ಊರಿನ ಹೆಸರು ಹಾಕಬೇಕಾ ಅನ್ನುವ ಪ್ರಶ್ನೆಗೆ ನಮ್ಮ ಹಾಸನದ ಉದಾಹರಣೆ ಕೊಡುತ್ತೇನೆ.

ಶೆಟ್ಟಿಹಳ್ಳಿ ಚರ್ಚು ಎಲ್ಲರಿಗೂ ಗೊತ್ತು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. 1979ರಲ್ಲಿ ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಆದ ಮೇಲೆ ಹಿನ್ನೀರಿಗೆ ಸಿಕ್ಕಿತು. ಮಳೆಗಾಲದಲ್ಲಿ ಅರ್ಧ ನೀರಲ್ಲಿ, ಬೇಸಿಗೆಯಲ್ಲಿ ನೆಲದ ಮೇಲೆ. ಛಾವಣಿ ಹೋಗಿ ಬಹಳ ಕಾಲ ಆಯಿತು. ಪ್ರತಿ ವರ್ಷ ನೆನೆದು ಒಣಗುವ ಗೋಡೆ ಎಷ್ಟು ದಿನ ತಡೆದೀತು? ಅಂಥ ಗೋಡೆ ಹತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ. ಗಾರೆ ಕೆರೆದು ಹೆಸರು ಬರೆಯುತ್ತಾರೆ. ನಾನು ಚಿಕ್ಕವನಿದ್ದಾಗ ಅಲ್ಲಿ ಮೀನು ಹಿಡಿಯುವವರು ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಈಗ ಭಾನುವಾರ ಕಾರು ನಿಲ್ಲಿಸಲು ಜಾಗ ಹುಡುಕಬೇಕು. ಹೆಸರಾದ ಜಾಗಕ್ಕೇ ಹೀಗಾದರೆ, ಹೇಳುವವರು ಕೇಳುವವರು ಇಲ್ಲದ ಮನೆಗೆ ಏನಾದೀತು ಯೋಚಿಸಿ.

ಹಾಗಾಗಿ ನನ್ನ ಪದ್ಧತಿ: ಹೊರಗೆ ಹಾಕುವಾಗ ತಾಲೂಕಿನ ಹೆಸರು ಸಾಕು. ಮ್ಯಾಪಿನ ಚುಕ್ಕೆ ಬೇಡ. ಫೋನಿನಲ್ಲಿ ತೆಗೆದ ಫೋಟೋದೊಳಗೆ ಜಾಗದ ಗುರುತು ತಾನಾಗಿ ಸೇರಿರುತ್ತದೆ, ಹಾಕುವ ಮುಂಚೆ ಅದನ್ನು ತೆಗೆದುಹಾಕಿ. ಆದರೆ ನಿಮ್ಮ ಹತ್ತಿರದ ಮೂಲ ಫೈಲಿನಲ್ಲಿ ಊರು, ಓಣಿ, ದಿನಾಂಕ, ಮನೆ ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನುವುದೆಲ್ಲ ಇರಲೇಬೇಕು. ಹಂಚಿನ ಮನೆಯಾದರೆ ಬಿದ್ದ ಹಂಚಿನ ಹಿಂಭಾಗದ ಫೋಟೋ ತೆಗೆಯಿರಿ, ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಒಂದು ಎಚ್ಚರಿಕೆ: ಬಾಸೆಲ್ ಮಿಷನ್ ಹಂಚಿನ ಮೇಲೆ 1865 ಅಂತ ಇದ್ದರೆ ಅದು ಮಂಗಳೂರಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ಮನೆ ಅಷ್ಟು ಹಳೆಯದು ಅಂತ ಬರೆದುಬಿಡಬೇಡಿ. ಹಂಚನ್ನು ಇದ್ದಲ್ಲೇ ಇಡಿ, ಮನೆಗೆ ತರಬೇಡಿ.

ಕಾನೂನಿನ ಮಾತೂ ಒಂದಿಷ್ಟು. ಅತಿಕ್ರಮ ಪ್ರವೇಶಕ್ಕೆ ಈಗ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಇದೆ. 2024ರ ಜುಲೈ 1ರ ತನಕ ಐಪಿಸಿ ಇತ್ತು. ಅಪರಾಧ ಆಗಲು ಕೆಟ್ಟ ಉದ್ದೇಶ ಇರಬೇಕು ಅನ್ನುವುದು ನಿಜ. ಅಂದ ಮಾತ್ರಕ್ಕೆ ಮಾಲೀಕರು ಹೊರಗೆ ಹೋಗಿ ಅಂದಾಗ ವಾದ ಮಾಡುತ್ತಾ ನಿಲ್ಲಬೇಡಿ. ರೈಲ್ವೆ ಜಾಗದಲ್ಲಿ ಮಾತ್ರ ಈ ಸಡಿಲವೂ ಇಲ್ಲ. ಸಕಲೇಶಪುರ ಘಾಟಿಯ ಕಡೆ ಹಳೇ ಗ್ಯಾಂಗ್‌ಮನ್ ಮನೆ ಅಂತ ಹಳಿ ಹಿಡಿದು ನಡೆಯುವವರಿದ್ದಾರೆ. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅದಕ್ಕೆ ಆರು ತಿಂಗಳ ತನಕ ಜೈಲು, ಇಲ್ಲವೇ ಸಾವಿರ ರೂಪಾಯಿ ತನಕ ದಂಡ, ಅಥವಾ ಎರಡೂ. ಸುರಂಗದಲ್ಲಿ ರೈಲು ಬಂದರೆ ದಂಡದ ಪ್ರಶ್ನೆಯೇ ಉಳಿಯುವುದಿಲ್ಲ.

ಅಗಸಿಬಾಗಿಲು ಬರೆದದ್ದು

ಮೂವರಿಗೂ ಮನಸಾರೆ ಧನ್ಯವಾದ. ಹಗೇವಿನ ವಿಷಯ ನನ್ನ ತಲೆಯಲ್ಲೇ ಇರಲಿಲ್ಲ. ಅತ್ತೆಯನ್ನು ಕೇಳಿದೆ. ಅವರ ತವರುಮನೆಯಲ್ಲಿ ಪಡಸಾಲೆಯಲ್ಲೇ ಒಂದು ಇತ್ತಂತೆ, ಮೇಲೆ ಚಾಪೆ ಹಾಸಿ ಮಲಗುತ್ತಿದ್ದರಂತೆ. ಆಮೇಲೆ ಅವರೇ ಶುರು ಮಾಡಿದರು, ಮಾಳಿಗೆಯ ಮಣ್ಣು ಎಲ್ಲಿಂದ ತರುತ್ತಿದ್ದರು, ಬೆಳಕಿಂಡಿ ಮುಚ್ಚುವ ಕಲ್ಲನ್ನು ಮಳೆ ಬಂದಾಗ ಯಾರು ಓಡಿಹೋಗಿ ಎಳೆಯುತ್ತಿದ್ದರು ಅಂತ. ರಾತ್ರಿ ಹನ್ನೊಂದರ ತನಕ ಮಾತಾಡಿದರು. ಎಲ್ಲ ರೆಕಾರ್ಡ್ ಮಾಡಿಕೊಂಡೆ. ಮುಂದಿನ ಸಲ ಅವರನ್ನೇ ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತೇನೆ. ಹಳ್ಳಿಯ ಕಟ್ಟೆಯಲ್ಲಿ ಅವರು ಮಾತಾಡಲಿ, ನಾನು ಪಕ್ಕದಲ್ಲಿರುತ್ತೇನೆ.

ಐಹೊಳೆಯ ಲಾಡ್‌ಖಾನ್ ಗುಡಿಗೆ ಆ ಹೆಸರು ಬಂದದ್ದು ಅಲ್ಲಿ ವಾಸವಿದ್ದ ಒಬ್ಬರಿಂದ. ಗುಡಿ ಕಟ್ಟಿದವರ ಹೆಸರು ಊರಿನ ಬಾಯಲ್ಲಿ ಇಲ್ಲ, ಅಲ್ಲಿ ಇದ್ದವರ ಹೆಸರು ಉಳಿಯಿತು. ನಾನು ಇಟ್ಟುಕೊಳ್ಳುವ ಫೈಲುಗಳಿಗೂ ಇನ್ನು ಮೇಲೆ ಹಾಗೇ ಹೆಸರಿಡುತ್ತೇನೆ, ಮನೆತನದ ಹೆಸರು, ಮನೆಯವರು ಒಪ್ಪಿದರೆ.

ಘಟಪ್ರಭೆ ದಂಡೆಯವರಿಗೆ ಒಂದು ಮಾತು. ನಿಮ್ಮ ತಾಯಿಯವರು ಒಪ್ಪಿದರೆ ನಿಮ್ಮ ಹಳೇ ಮನೆಯ ಫೋಟೋ ತೆಗೆದುಕೊಡಲು ಬರುತ್ತೇನೆ. ಹಗಲಲ್ಲಿ, ನೆಟ್ಟಗೆ ನಿಲ್ಲಿಸಿ, ಮಾಡ, ಒಳಕಲ್ಲು, ಕೋಣೆ ಎಲ್ಲ. ದೊಡ್ಡ ಪ್ರಿಂಟ್ ಹಾಕಿಸಿ ಕೊಡುತ್ತೇನೆ. ಎಲ್ಲೂ ಹಾಕುವುದಿಲ್ಲ. ಯಾವ ತಿಂಗಳಲ್ಲಿ ಬಂದರೆ ಒಳ್ಳೆಯದು?

ಘಟಪ್ರಭೆ ದಂಡೆ ಬರೆದದ್ದು

ಅವ್ವನಿಗೆ ಓದಿ ಹೇಳಿದೆ. ಬರಲಿ ಅಂದಳು. ತಾನೂ ಬರುತ್ತಾಳಂತೆ, ಒಳಗೆ ಯಾವುದು ಎಲ್ಲಿತ್ತು ಅಂತ ತೋರಿಸಲು. ಕಾಲು ನೋವು, ಆದರೂ ಟ್ರ್ಯಾಕ್ಟರ್ ಹೋಗುವ ತನಕ ದಾರಿ ಇದೆ, ಕೂರಿಸಿಕೊಂಡು ಹೋಗಬಹುದು.

ಮಳೆಗಾಲ ಬೇಡ. ಆಗಸ್ಟ್, ಸೆಪ್ಟೆಂಬರಿನಲ್ಲಿ ಡ್ಯಾಮ್ ತುಂಬಿ ನೀರು ಓಣಿಯ ಬುಡಕ್ಕೆ ಬಂದಿರುತ್ತದೆ, ಗೋಡೆಗಳೂ ನೆಂದಿರುತ್ತವೆ. ಏಪ್ರಿಲ್ ಕೊನೆ, ಮೇ ಮೊದಲ ವಾರ ಒಳ್ಳೆಯದು. ಆಗ ನೀರು ಬಹಳ ಇಳಿದು ಕೆಳಗಿನ ಓಣಿಗಳ ಪಾಯ ಕಾಣುತ್ತದೆ, ಎಲ್ಲಿ ಯಾರ ಮನೆ ಇತ್ತು ಅಂತ ಅವ್ವ ಹೇಳುತ್ತಾಳೆ. ಬಿಸಿಲು ಜೋರು, ಬೆಳಗ್ಗೆ ಆರಕ್ಕೇ ಬನ್ನಿ. ಒಳಗಿನ ಕೆಲಸಕ್ಕೆ ಹನ್ನೊಂದರ ಬೆಳಕು ಅಂದರಲ್ಲ ಅವರು, ನಡುವಿನ ಹೊತ್ತಿನಲ್ಲಿ ಊರಿನ ಮಂದಿಯ ಹತ್ತಿರ ಕೂತು ಮಾತಾಡಬಹುದು.

ನಾನೂ ಒಂದು ಕೇಳಿಕೊಳ್ಳುತ್ತೇನೆ. ಆಲಮಟ್ಟಿಯಲ್ಲಿ ಈಗ 519.60 ಮೀಟರ್ ತನಕ ನೀರು ನಿಲ್ಲಿಸುತ್ತಾರೆ. 524.256ಕ್ಕೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಏರಿಸಿದರೆ ಇನ್ನೂ ಹಲವು ಊರು ಹೋಗುತ್ತವೆ. ಆ ಊರುಗಳಲ್ಲಿ ಜನ ಇನ್ನೂ ಇದ್ದಾರೆ. ಹೇಗೂ ಹೋಗುವ ಮನೆ ಅಂತ ಎಷ್ಟೋ ಮಂದಿ ರಿಪೇರಿಗೆ ದುಡ್ಡು ಹಾಕುವುದು ಬಿಟ್ಟಿದ್ದಾರೆ. ಮಗನ ಮದುವೆಗೂ ಒಂದು ಕೋಣೆ ಕಟ್ಟಿಸಲು ಹಿಂದೆಮುಂದೆ ನೋಡುತ್ತಾರೆ. ನೀವು ಖಾಲಿ ಮನೆ ಹುಡುಕಿಕೊಂಡು ಬರುತ್ತೀರಿ, ಬನ್ನಿ. ಜೊತೆಗೆ ಈ ಊರುಗಳಲ್ಲೂ ಒಂದು ದಿನ ಇರಿ. ಮಾಡದಲ್ಲಿ ದೀಪ ಇರುವಾಗ, ತಗ್ಗಿನಲ್ಲಿ ದನ ಕಟ್ಟಿರುವಾಗ, ಮನೆಯವರನ್ನು ಬಾಗಿಲಲ್ಲಿ ನಿಲ್ಲಿಸಿ ತೆಗೆಯಿರಿ. ಅಂಥ ಫೋಟೋ ಬೇಕು ಅಂತ ಕೇಳುವ ಮನೆಗಳೇ ಸುಮಾರು ಇವೆ. ನಮ್ಮ ಬೀಗರ ಊರೂ ಅದರಲ್ಲಿ ಒಂದು. ನಾನು ಮಾತಾಡಿ ಇಟ್ಟಿರುತ್ತೇನೆ.

ಬರುವ ಎರಡು ದಿನ ಮುಂಚೆ ಇಲ್ಲೇ ಮೆಸೇಜ್ ಹಾಕಿ, ನಂಬರ್ ಕೊಡುತ್ತೇನೆ. ಅತ್ತೆಯವರನ್ನು ಕರೆದುಕೊಂಡು ಬನ್ನಿ. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ.